ಇಂಗ್ಲಿಷಿನ ಅಭಿಪ್ರಾಯವಾಚಕ ಪದಗಳೂ ನಮ್ಮ ವಿಭಕ್ತಿ ಪ್ರತ್ಯಯಗಳೂ

೧. ವಿಷಯ ಪ್ರವೇಶ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶದ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮೂಲಕ ಓದುವ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಮೊದಲು ವಸ್ತುಗಳ ಹೆಸರನ್ನು ಕಲಿಯುತ್ತಾರೆ. ಬಳಿಕ ಸಂಗತಿಗಳನ್ನು ಹೇಳಲು ಕಲಿಯುತ್ತಾರೆ. ಹಂಪಿಯ ಕಲ್ಲಿನ ರಥವು ವಿಠ್ಠಲ ದೇವಾಲಯದ ಅಂಗಳದಲ್ಲಿದೆ. ತುಂಗಭದ್ರೆಯು ಕಂಪ್ಲಿಯ ಮಗ್ಗುಲಲ್ಲಿ ಹರಿಯುತ್ತದೆ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ದೊರೆಯುತ್ತದೆ. ಇಂತಹ ವಾಕ್ಯಗಳನ್ನು ಅವರು ಇಂಗ್ಲಿಷಿನಲ್ಲಿ ತಕ್ಕಮಟ್ಟಿಗೆ ತಪ್ಪಿಲ್ಲದೆ ಬರೆಯಬಲ್ಲರು. ಆದರೆ "ಈ ವಿಷಯವನ್ನು ಕುರಿತು ನಿನ್ನ ಅಭಿಪ್ರಾಯವೇನು?" ಎಂದು ಕೇಳಿದೊಡನೆ ಲೇಖನಿ ತಡವರಿಸುತ್ತದೆ. 'ಒಪಿನಿಯನ್' ಎಂಬ ಪದ ಅವರಿಗೆ ಗೊತ್ತಿಲ್ಲವೆಂದಲ್ಲ. ಅದರ ಮುಂದೆ 'ಆಫ್' ಎಂದು ಬರೆಯಬೇಕೋ, 'ಆನ್' ಎಂದೋ, 'ಅಬೌಟ್' ಎಂದೋ ತಿಳಿಯದೆ ವಾಕ್ಯವು ಅಲ್ಲಿಯೇ ನಿಂತುಬಿಡುತ್ತದೆ.

ಈ ಚಿಕ್ಕ ಪದಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಿಪೊಸಿಷನ್ ಎಂದು ಹೆಸರು. ಇವುಗಳ ತಪ್ಪಿನಿಂದ ಪರೀಕ್ಷೆಯಲ್ಲಿ ಒಂದೆರಡು ಅಂಕಗಳು ಹೋಗುವುದು ಅಲ್ಪ ನಷ್ಟ. ತಪ್ಪಾದೀತೆಂಬ ಅಂಜಿಕೆಯಿಂದ ಅಭಿಪ್ರಾಯವಿದ್ದೂ ಮೌನವಾಗಿರುವುದು ದೊಡ್ಡ ನಷ್ಟ. ಸಂದರ್ಶನದಲ್ಲಿ ಕುಳಿತ ಅಭ್ಯರ್ಥಿಗೆ, ಹಂಪಿಯಲ್ಲಿ ಪರದೇಶದ ಪ್ರವಾಸಿಗರಿಗೆ ಸ್ಮಾರಕಗಳನ್ನು ವಿವರಿಸುವ ಮಾರ್ಗದರ್ಶಿಗೆ, ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ಮನವಿ ಬರೆಯಬೇಕಾದ ರೈತಸಂಘದ ಕಾರ್ಯದರ್ಶಿಗೆ ಸಂಗತಿಗಳನ್ನು ಹೇಳಿದರಷ್ಟೇ ಸಾಲದು. ತಮ್ಮ ನಿಲುವನ್ನೂ ಹೇಳಬೇಕಾಗುತ್ತದೆ.

ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಕನ್ನಡ ವ್ಯಾಕರಣದ ಪಾಠಕ್ಕೆ ಕಾಲ ಕಳೆಯಬಾರದೆಂಬ ಭಾವನೆ ಈಗ ಅನೇಕ ಪೋಷಕರಲ್ಲಿದೆ. ಪ್ರಸ್ತುತ ಲೇಖನದ ಪ್ರತಿಪಾದನೆ ಇದಕ್ಕೆ ವಿರುದ್ಧವಾದುದು. ಅಭಿಪ್ರಾಯವನ್ನು ಸೂಚಿಸುವ ಇಂಗ್ಲಿಷ್ ನಾಮಪದಗಳ ಮುಂದೆ ಯಾವ ಪ್ರಿಪೊಸಿಷನ್ ಬರುತ್ತದೆಂಬುದನ್ನು ಕಲಿಯಲು ನಮ್ಮ ವಿಭಕ್ತಿ ಪ್ರತ್ಯಯಗಳ ತಿಳಿವಳಿಕೆಯೇ ಬಹುಮಟ್ಟಿಗೆ ದಾರಿದೀಪವಾಗುತ್ತದೆ. ನಮ್ಮನ್ನು ದಾರಿ ತಪ್ಪಿಸುವುದು ಆಡುಮಾತಿನಲ್ಲಿ ಎಲ್ಲೆಡೆಗೂ ಬಳಸುವ 'ಬಗ್ಗೆ' ಮತ್ತು 'ಮೇಲೆ' ಎಂಬ ಎರಡು ಪದಗಳು.

೨. ಕನ್ನಡದ ರೀತಿ, ಇಂಗ್ಲಿಷಿನ ರೀತಿ

ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಕನ್ನಡದಲ್ಲಿ ಏಳು ವಿಭಕ್ತಿಗಳನ್ನು ಹೇಳುವ ಸಂಪ್ರದಾಯವುಂಟು. ಹೊಸಗನ್ನಡದಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂಬ ಪ್ರತ್ಯಯಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇವಲ್ಲದೆ ಕುರಿತು, ಬಗ್ಗೆ, ಮೇಲೆ, ಒಡನೆ, ವಿರುದ್ಧ ಮುಂತಾದ ಪದಗಳೂ ನಾಮಪದದ ಹಿಂದೆಯೇ ಬಂದು ಸಂಬಂಧವನ್ನು ತಿಳಿಸುತ್ತವೆ. ಇವುಗಳಲ್ಲಿ 'ಕುರಿತು' ಎಂಬುದು ಗುರಿಯಿಡು ಎಂಬರ್ಥದ ಧಾತುವಿನಿಂದ ಬಂದದ್ದು. 'ಬಗೆಗೆ' ಎಂಬುದೇ ಮಾತಿನಲ್ಲಿ 'ಬಗ್ಗೆ' ಆಗಿದೆ.

'ಯುದ್ಧಕ್ಕೆ ವಿರೋಧ' ಎಂಬ ಕನ್ನಡ ಪದಪುಂಜವನ್ನೂ 'ಆಪೊಸಿಷನ್ ಟು ವಾರ್' ಎಂಬ ಇಂಗ್ಲಿಷ್ ಪದಪುಂಜವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದು ಇನ್ನೊಂದರ ಕನ್ನಡಿಬಿಂಬದಂತಿದೆ. ಕನ್ನಡದಲ್ಲಿ ಮೊದಲು ಯುದ್ಧ, ಕೊನೆಗೆ ವಿರೋಧ. ಇಂಗ್ಲಿಷಿನಲ್ಲಿ ಮೊದಲು ವಿರೋಧ, ಕೊನೆಗೆ ಯುದ್ಧ. ಸಂಬಂಧವನ್ನು ತಿಳಿಸುವ ಅಂಶವು ಎರಡು ಭಾಷೆಗಳಲ್ಲಿಯೂ ನಡುವೆಯೇ ಇದೆ.

ಆ ನಡುವಿನ ಅಂಶವನ್ನು ಆರಿಸುವ ಅಧಿಕಾರ ಯಾರದು? ಅದು ಅಭಿಪ್ರಾಯವನ್ನು ಸೂಚಿಸುವ ಪದದ್ದೇ ಹೊರತು ವಸ್ತುವಿನದಲ್ಲ. ನಾವು 'ಯುದ್ಧಕ್ಕೆ ವಿರೋಧ' ಎನ್ನುತ್ತೇವೆ. 'ಯುದ್ಧದ ಭಯ' ಎನ್ನುತ್ತೇವೆ. 'ಯುದ್ಧದಲ್ಲಿ ಆಸಕ್ತಿ' ಎನ್ನುತ್ತೇವೆ. ಯುದ್ಧವೆಂಬ ಪದ ಒಂದೇ ಆದರೂ ವಿರೋಧವು ಚತುರ್ಥಿಯನ್ನೂ, ಭಯವು ಷಷ್ಠಿಯನ್ನೂ, ಆಸಕ್ತಿಯು ಸಪ್ತಮಿಯನ್ನೂ ಬೇಡಿತು. 'ಯುದ್ಧದಲ್ಲಿ ವಿರೋಧ' ಎಂದರೆ ಅರ್ಥವೇ ಬೇರೆಯಾಗುವುದೆಂದು ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿಯೂ ಇದೇ ನ್ಯಾಯ. ಅಲ್ಲಿ 'ಆಪೊಸಿಷನ್ ಟು ವಾರ್', 'ಫಿಯರ್ ಆಫ್ ವಾರ್', 'ಇಂಟರೆಸ್ಟ್ ಇನ್ ವಾರ್' ಎಂದಾಗುತ್ತದೆ. ಆದುದರಿಂದ 'ಬಗ್ಗೆ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕೇಳುವ ಬದಲು ಈ ನಾಮಪದವು ಯಾರನ್ನು ಜತೆಗೆ ಕರೆದುಕೊಂಡು ಬರುತ್ತದೆಂದು ಕೇಳುವುದು ಸರಿಯಾದ ಪ್ರಶ್ನೆ.

೩. 'ಒಪಿನಿಯನ್' ಮತ್ತು ಅದರ ಮೂವರು ಒಡನಾಡಿಗಳು

ಅಭಿಪ್ರಾಯವಾಚಕಗಳಲ್ಲಿ ಮೊದಲನೆಯದಾದ 'ಒಪಿನಿಯನ್' ಎಂಬ ಪದದ ಮುಂದೆ ಆಫ್, ಆನ್, ಅಬೌಟ್ ಎಂಬ ಮೂರೂ ಬರುತ್ತವೆ. ಮೂರೂ ಶುದ್ಧವೇ, ಆದರೆ ಮೂರರ ಅರ್ಥ ಒಂದೇ ಅಲ್ಲ.

'ಒಪಿನಿಯನ್ ಆಫ್' ಎಂದಾಗ ವ್ಯಕ್ತಿಯ ಅಥವಾ ವಸ್ತುವಿನ ಯೋಗ್ಯತೆಯನ್ನು ತೂಗಿ ನೋಡಲಾಗುತ್ತದೆ. "ವಾಟ್ ಈಸ್ ಯುವರ್ ಒಪಿನಿಯನ್ ಆಫ್ ದಿಸ್ ಬುಕ್?" ಎಂದರೆ ಈ ಪುಸ್ತಕ ಹೇಗಿದೆ, ಚೆನ್ನಾಗಿದೆಯೇ ಇಲ್ಲವೇ ಎಂದು ಕೇಳಿದಂತೆ. ಒಬ್ಬರನ್ನು ಕುರಿತು ಒಳ್ಳೆಯ ಭಾವನೆಯಿದ್ದರೆ 'ಎ ಹೈ ಒಪಿನಿಯನ್ ಆಫ್ ಹಿಮ್' ಎಂದೂ, ಕೀಳು ಭಾವನೆಯಿದ್ದರೆ 'ಎ ಲೋ ಒಪಿನಿಯನ್ ಆಫ್ ಹಿಮ್' ಎಂದೂ ಹೇಳುತ್ತಾರೆ. ಇಲ್ಲಿ 'ಆನ್' ಸಲ್ಲದು.

'ಒಪಿನಿಯನ್ ಆನ್' ಎಂದಾಗ ಚರ್ಚೆಗೆ ಒಳಪಟ್ಟಿರುವ ಒಂದು ವಿಷಯದಲ್ಲಿ ಮಾತನಾಡುವವರ ನಿಲುವೇನೆಂಬುದು ಮುಖ್ಯ. ೨೦೨೧ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಈ ವಿಭಜನೆ ಬೇಕೋ ಬೇಡವೋ ಎಂಬ ಚರ್ಚೆ ಆಗ ಮನೆಮನೆಯಲ್ಲಿಯೂ ನಡೆಯಿತು. ಅಂತಹ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ "ವಾಟ್ ಈಸ್ ಯುವರ್ ಒಪಿನಿಯನ್ ಆನ್ ದ ಡಿವಿಷನ್ ಆಫ್ ದ ಡಿಸ್ಟ್ರಿಕ್ಟ್?" ಎಂದು. ಹೊಸ ಜಿಲ್ಲೆಯನ್ನು ನೋಡಲು ಬಂದ ಅತಿಥಿಗೆ ಊರು ಹೇಗೆನಿಸಿತೆಂದು ಕೇಳಬೇಕಾದರೆ 'ಒಪಿನಿಯನ್ ಆಫ್' ಎನ್ನಬೇಕು. ಒಂದು ಪ್ರಶ್ನೆ ವಾದಕ್ಕೆ ಸಂಬಂಧಿಸಿದ್ದು, ಇನ್ನೊಂದು ಮೆಚ್ಚುಗೆಗೆ ಸಂಬಂಧಿಸಿದ್ದು.

'ಒಪಿನಿಯನ್ ಅಬೌಟ್' ಎಂಬುದು ಇವೆರಡರ ನಡುವಿನ ಸಾಮಾನ್ಯ ರೂಪ. ಸಂದೇಹವುಂಟಾದಾಗ ವಿದ್ಯಾರ್ಥಿಯು ಇದನ್ನು ಬಳಸಿದರೆ ದೊಡ್ಡ ಪ್ರಮಾದವೇನೂ ಆಗದು. ಆದರೆ ಎಲ್ಲೆಡೆಯೂ 'ಅಬೌಟ್' ಎಂದೇ ಬರೆಯುತ್ತ ಹೋದರೆ ಬರವಣಿಗೆಯು ಸಪ್ಪೆಯಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಭಿಪ್ರಾಯವು ಒಂದು ಪೂರ್ಣ ವಾಕ್ಯದ ರೂಪದಲ್ಲಿದ್ದರೆ ಯಾವ ಪ್ರಿಪೊಸಿಷನ್ನೂ ಬೇಕಾಗಿಲ್ಲ. 'ದ್ಯಾಟ್' ಎಂಬುದು ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಸಮನಾದುದು 'ಎಂಬ'. "ಗಣಿಗಾರಿಕೆಗೆ ಮಿತಿಯಿರಬೇಕೆಂಬ ಅಭಿಪ್ರಾಯ" ಎಂಬುದು ಇಂಗ್ಲಿಷಿನಲ್ಲಿ "ದಿ ಒಪಿನಿಯನ್ ದ್ಯಾಟ್ ಮೈನಿಂಗ್ ಶುಡ್ ಹ್ಯಾವ್ ಎ ಲಿಮಿಟ್" ಎಂದಾಗುತ್ತದೆ. ಕನ್ನಡದಲ್ಲಿ 'ಎಂಬ' ಬಂದ ಕಡೆ ಇಂಗ್ಲಿಷಿನಲ್ಲಿ 'ದ್ಯಾಟ್' ಬರುವುದೆಂದು ತಿಳಿಸಿಕೊಟ್ಟರೆ 'ಅಬೌಟ್ ದ್ಯಾಟ್' ಎಂದು ಎರಡನ್ನೂ ಸೇರಿಸಿ ಬರೆಯುವ ಅಭ್ಯಾಸ ತಾನಾಗಿಯೇ ತಪ್ಪುತ್ತದೆ.

೪. 'ವ್ಯೂ', 'ಇಂಪ್ರೆಷನ್' ಮತ್ತು 'ಐಡಿಯಾ'

'ವ್ಯೂ' ಎಂಬ ಪದಕ್ಕೆ ನೋಟವೆಂಬುದು ಮೊದಲ ಅರ್ಥ. ಹಂಪಿಯ ಮಾತಂಗ ಪರ್ವತವನ್ನೇರಿ ನಿಂತಾಗ ಕಾಣುವ ದೃಶ್ಯವು 'ಎ ವ್ಯೂ ಆಫ್ ಹಂಪಿ'. ಹಂಪಿಯ ಸ್ಮಾರಕಗಳ ರಕ್ಷಣೆ ಹೇಗಾಗಬೇಕೆಂಬ ವಿಚಾರದಲ್ಲಿ ನಮಗಿರುವ ನಿಲುವುಗಳು 'ವ್ಯೂಸ್ ಆನ್ ಹಂಪಿ'. ಕಣ್ಣಿನ ನೋಟಕ್ಕೆ 'ಆಫ್', ವಿಚಾರದ ನೋಟಕ್ಕೆ 'ಆನ್' ಎಂದು ನೆನಪಿಡಬಹುದು. ಬದುಕು, ಇತಿಹಾಸ ಮುಂತಾದ ವಿಶಾಲ ವಿಷಯಗಳನ್ನು ಒಬ್ಬರು ಒಟ್ಟಾರೆ ಹೇಗೆ ಕಾಣುತ್ತಾರೆಂದು ಹೇಳುವಾಗ ಮಾತ್ರ 'ಹಿಸ್ ವ್ಯೂ ಆಫ್ ಲೈಫ್' ಎಂಬಂತೆ 'ಆಫ್' ಬರುತ್ತದೆ. ಅಲ್ಲಿಯೂ ಬದುಕನ್ನು ಒಂದು ದೃಶ್ಯದಂತೆ ಕಂಡ ಭಾವವಿದೆ. 'ಇನ್ ವ್ಯೂ ಆಫ್' ಎಂಬುದಕ್ಕೆ 'ಇದನ್ನು ಗಮನದಲ್ಲಿರಿಸಿಕೊಂಡು' ಎಂದೂ, 'ವಿತ್ ಎ ವ್ಯೂ ಟು' ಎಂಬುದಕ್ಕೆ 'ಈ ಉದ್ದೇಶದಿಂದ' ಎಂದೂ ಅರ್ಥ. ಇವೆರಡೂ ಅಭಿಪ್ರಾಯವನ್ನು ಸೂಚಿಸುವುದಿಲ್ಲ.

'ಇಂಪ್ರೆಷನ್' ಎಂಬ ಪದದಲ್ಲಿ ಪ್ರಿಪೊಸಿಷನ್ ಬದಲಾದರೆ ದಿಕ್ಕೇ ಬದಲಾಗುತ್ತದೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ತಾವು ಕಂಡುದನ್ನು ಬರೆದಿಟ್ಟರು. ಅವರ ಬರಹಗಳಲ್ಲಿರುವುದು ಅವರ 'ಇಂಪ್ರೆಷನ್ ಆಫ್ ವಿಜಯನಗರ', ಅಂದರೆ ನಗರವನ್ನು ಕುರಿತು ಅವರಲ್ಲಿ ಮೂಡಿದ ಭಾವನೆ. ನಗರವು ಅವರ ಮೇಲೆ ಮಾಡಿದ ಪರಿಣಾಮವನ್ನು ಹೇಳಬೇಕಾದರೆ "ವಿಜಯನಗರ ಮೇಡ್ ಎ ಡೀಪ್ ಇಂಪ್ರೆಷನ್ ಆನ್ ದೆಮ್" ಎನ್ನಬೇಕು. 'ಆಫ್' ಎಂಬುದರ ಮುಂದೆ ನೋಡಲ್ಪಟ್ಟ ವಸ್ತು. 'ಆನ್' ಎಂಬುದರ ಮುಂದೆ ನೋಡಿದ ಮನುಷ್ಯ. ಕನ್ನಡದ 'ಮೇಲೆ' ಎಂಬುದು ಇಲ್ಲಿ ಮಾತ್ರ ಸರಿಯಾಗಿ ಹೊಂದುತ್ತದೆ: ನಮ್ಮ ಮೇಲೆ ಪರಿಣಾಮ, ನಮ್ಮ ಮೇಲೆ ಪ್ರಭಾವ. ಪ್ರಭಾವವೆಂಬರ್ಥದ 'ಇನ್‌ಫ್ಲುಯೆನ್ಸ್' ಎಂಬ ನಾಮಪದಕ್ಕೂ 'ಆನ್' ಎಂಬುದೇ ಒಡನಾಡಿ.

'ಐಡಿಯಾ ಆಫ್' ಎಂದರೆ ಒಂದು ವಸ್ತುವಿನ ಕಲ್ಪನೆ. 'ಐಡಿಯಾ ಫಾರ್' ಎಂದರೆ ಒಂದು ಕಾರ್ಯಕ್ಕೆ ಹೊಳೆದ ಉಪಾಯ. ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಹೊಳೆದ ಕಥೆಯು 'ಆನ್ ಐಡಿಯಾ ಫಾರ್ ಎ ಪ್ಲೇ'. ಇಲ್ಲಿ 'ನಾಟಕಕ್ಕೆ' ಎಂಬ ಚತುರ್ಥಿಯು 'ಫಾರ್' ಆದುದನ್ನು ಗಮನಿಸಬೇಕು.

೫. ನಂಬಿಕೆಯ ಪದಗಳು ಮತ್ತು ಸಪ್ತಮೀ ವಿಭಕ್ತಿ

ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ತಪ್ಪುಗಳಲ್ಲಿ 'ಫೇತ್ ಆನ್ ಗಾಡ್' ಎಂಬುದೊಂದು. ಇದರ ಮೂಲ ಸ್ಪಷ್ಟವಾಗಿದೆ. ಮಾತಿನಲ್ಲಿ ನಾವು 'ದೇವರ ಮೇಲೆ ನಂಬಿಕೆ', 'ಮೇಷ್ಟ್ರ ಮೇಲೆ ವಿಶ್ವಾಸ' ಎನ್ನುತ್ತೇವೆ. ಮೇಲೆ ಎಂಬುದಕ್ಕೆ 'ಆನ್' ಎಂದು ಬಾಲ್ಯದಲ್ಲಿಯೇ ಕಲಿತಿದ್ದೇವೆ: ಮೇಜಿನ ಮೇಲೆ ಪುಸ್ತಕ, 'ಆನ್ ದ ಟೇಬಲ್'. ಮೇಜಿನ ಮೇಲಿನ ಪುಸ್ತಕದಂತೆ ದೇವರ ಮೇಲೆ ನಂಬಿಕೆಯನ್ನೂ ಇಟ್ಟುಬಿಡುತ್ತೇವೆ.

ಆದರೆ ನಮ್ಮ ಗ್ರಾಂಥಿಕ ಕನ್ನಡವು ಹೀಗೆ ಹೇಳುವುದಿಲ್ಲ. ಅದು 'ದೇವರಲ್ಲಿ ನಂಬಿಕೆ', 'ಗುರುವಿನಲ್ಲಿ ಶ್ರದ್ಧೆ', 'ತನ್ನಲ್ಲಿ ವಿಶ್ವಾಸ', 'ಓದಿನಲ್ಲಿ ಆಸಕ್ತಿ' ಎನ್ನುತ್ತದೆ. ಎಲ್ಲವೂ ಸಪ್ತಮಿ. ಇಂಗ್ಲಿಷಿನಲ್ಲಿಯೂ ಈ ಗುಂಪಿಗೆ 'ಇನ್' ಎಂಬುದೇ ಬರುತ್ತದೆ: 'ಬಿಲೀಫ್ ಇನ್', 'ಫೇತ್ ಇನ್', 'ಟ್ರಸ್ಟ್ ಇನ್', 'ಕಾನ್ಫಿಡೆನ್ಸ್ ಇನ್', 'ಇಂಟರೆಸ್ಟ್ ಇನ್'.

ಸಂಸ್ಕೃತ ವೈಯಾಕರಣರು ಸಪ್ತಮಿಯ ಅರ್ಥವಾದ ಅಧಿಕರಣವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಚಾಪೆಯಲ್ಲಿ ಕುಳಿತಿರುವುದು ಔಪಶ್ಲೇಷಿಕ, ಅಂದರೆ ತಾಗಿರುವುದು. ಎಳ್ಳಿನಲ್ಲಿ ಎಣ್ಣೆ ಅಭಿವ್ಯಾಪಕ, ಅಂದರೆ ತುಂಬಿರುವುದು. ಮೋಕ್ಷದಲ್ಲಿ ಇಚ್ಛೆ ಎಂಬುದು ವೈಷಯಿಕ. ಇಲ್ಲಿ ಮೋಕ್ಷವು ಇಚ್ಛೆಯನ್ನು ತುಂಬಿಟ್ಟುಕೊಂಡ ಪಾತ್ರೆಯಲ್ಲ. ಇಚ್ಛೆಯು ನೆಲೆನಿಂತ ವಿಷಯ. ನಂಬಿಕೆಯ ಪದಗಳೆಲ್ಲವೂ ಈ ಮೂರನೆಯ ಬಗೆಗೆ ಸೇರಿದವು. ಇಂಗ್ಲಿಷ್ ಮತ್ತು ಸಂಸ್ಕೃತ ದೂರದ ದಾಯಾದಿಗಳು. ಕನ್ನಡವು ಬೇರೆಯೇ ಕುಲದ ಭಾಷೆ. ಆದರೂ ನಂಬಿಕೆಗೆ ನೆಲೆಯೊಂದು ಬೇಕೆಂಬ ಮನೋಧರ್ಮವು ಮೂರರಲ್ಲಿಯೂ ಒಂದೇ ಬಗೆಯ ಮಾತಾಗಿ ಹೊರಬಂದಿದೆ.

ಇಲ್ಲಿಯೂ ಅರ್ಥಭೇದವನ್ನು ಗಮನಿಸಬೇಕು. 'ಬಿಲೀಫ್ ಇನ್ ಗೋಸ್ಟ್ಸ್' ಎಂದರೆ ದೆವ್ವಗಳು ಇವೆಯೆಂಬ ನಂಬಿಕೆ. 'ಬಿಲೀಫ್ಸ್ ಅಬೌಟ್ ಗೋಸ್ಟ್ಸ್' ಎಂದರೆ ದೆವ್ವಗಳನ್ನು ಕುರಿತು ಜನರಲ್ಲಿ ಹಬ್ಬಿರುವ ನಾನಾ ತಿಳಿವಳಿಕೆಗಳು. ಎರಡನೆಯದನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರಿಗೆ ಮೊದಲನೆಯದು ಇರಲೇಬೇಕೆಂದಿಲ್ಲ.

ನಂಬಿಕೆಗೆ ಎದುರಾದ ಸಂಶಯವು ಈ ಗುಂಪಿಗೆ ಸೇರುವುದಿಲ್ಲ. 'ಡೌಟ್' ಎಂಬುದಕ್ಕೆ 'ಅಬೌಟ್' ಒಡನಾಡಿ. ತರಗತಿಯಲ್ಲಿ ಮಕ್ಕಳು ಎದ್ದುನಿಂತು "ಸರ್, ಐ ಹ್ಯಾವ್ ಎ ಡೌಟ್" ಎನ್ನುವುದು ನಮ್ಮಲ್ಲಿ ರೂಢಿ. ಅದನ್ನು ಹೊರದೇಶದವರು ಕೇಳಿದರೆ, ಉಪಾಧ್ಯಾಯರು ಹೇಳಿದ್ದು ನಿಜವೋ ಎಂದು ಮಗು ಶಂಕಿಸುತ್ತಿದೆಯೆಂದು ಭಾವಿಸಿಯಾರು. ಅಲ್ಲಿ 'ಕ್ವೆಶ್ಚನ್' ಎಂದರೆ ಸಾಕು.

೬. ಚತುರ್ಥಿಗೆ 'ಟು', ಷಷ್ಠಿಗೆ 'ಆಫ್'

ಒಂದು ಮಾತಿಗೋ ಕಾರ್ಯಕ್ಕೋ ಎದುರಾಗಿ ಹೊರಡುವ ಅಭಿಪ್ರಾಯಗಳು ಕನ್ನಡದಲ್ಲಿ ಚತುರ್ಥಿಯನ್ನು ಬೇಡುತ್ತವೆ. ಅವುಗಳಿಗೆ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ 'ಟು' ಬರುತ್ತದೆ:

ಪ್ರಸ್ತಾವಕ್ಕೆ ಆಕ್ಷೇಪ — 'ಆಬ್ಜೆಕ್ಷನ್ ಟು'
ಯೋಜನೆಗೆ ವಿರೋಧ — 'ಆಪೊಸಿಷನ್ ಟು'
ಸುದ್ದಿಗೆ ಪ್ರತಿಕ್ರಿಯೆ — 'ರಿಯಾಕ್ಷನ್ ಟು'
ಪ್ರಶ್ನೆಗೆ ಉತ್ತರ — 'ಆನ್ಸರ್ ಟು'
ಷರತ್ತಿಗೆ ಸಮ್ಮತಿ — 'ಕನ್ಸೆಂಟ್ ಟು'

ಮನೋಭಾವವೆಂಬರ್ಥದ 'ಆಟಿಟ್ಯೂಡ್' ಎಂಬುದಕ್ಕೆ 'ಟು' ಅಥವಾ 'ಟುವರ್ಡ್ಸ್' ಎರಡೂ ಸಲ್ಲುತ್ತವೆ. ಈ ಗುಂಪಿನ 'ಟು' ಎಂಬುದು ಪ್ರಿಪೊಸಿಷನ್ ಆಗಿರುವುದರಿಂದ ಅದರ ಮುಂದೆ ಕ್ರಿಯಾಪದ ಬಂದರೆ ಅದು 'ಇಂಗ್' ಎಂದು ಕೊನೆಗೊಳ್ಳಬೇಕು. 'ಆಬ್ಜೆಕ್ಷನ್ ಟು ಗೋಯಿಂಗ್' ಸರಿ. 'ಆಬ್ಜೆಕ್ಷನ್ ಟು ಗೋ' ತಪ್ಪು. ಕನ್ನಡದಲ್ಲಿ 'ಹೋಗುವುದಕ್ಕೆ ಆಕ್ಷೇಪ' ಎನ್ನುವಾಗ ನಾವು ಕ್ರಿಯೆಯನ್ನು ಮೊದಲು ನಾಮವನ್ನಾಗಿ ಮಾಡಿಕೊಂಡು ಆಮೇಲೆ ಪ್ರತ್ಯಯ ಹಚ್ಚುತ್ತೇವಷ್ಟೆ. ಇಂಗ್ಲಿಷಿನ 'ಇಂಗ್' ಮಾಡುವುದೂ ಅದನ್ನೇ.

ಷಷ್ಠಿಯ ಗುಂಪು ಇನ್ನೂ ಸುಲಭವಾದುದು. ಹಾವಿನ ಭಯ 'ಫಿಯರ್ ಆಫ್', ಶಾಸ್ತ್ರದ ಜ್ಞಾನ 'ನಾಲೆಜ್ ಆಫ್', ಕಾವ್ಯದ ವಿಮರ್ಶೆ 'ಕ್ರಿಟಿಸಿಸಂ ಆಫ್'. ಅನುಮೋದನೆಯೆಂಬರ್ಥದ 'ಅಪ್ರೂವಲ್' ಎಂಬುದಕ್ಕೂ 'ಆಫ್' ಬರುತ್ತದೆ.

ಒಪ್ಪಂದವೆಂಬರ್ಥದ 'ಅಗ್ರಿಮೆಂಟ್' ಎಂಬ ಪದದಲ್ಲಿ ಎರಡು ಭಾಷೆಗಳ ಹೊಂದಾಣಿಕೆ ಎದ್ದು ಕಾಣುತ್ತದೆ. ಕಂಪ್ಲಿಯ ಭತ್ತದ ಬೆಳೆಗಾರನು ವ್ಯಾಪಾರಿಯೊಡನೆ ಒಪ್ಪಂದ ಮಾಡಿಕೊಂಡರೆ 'ಅಗ್ರಿಮೆಂಟ್ ವಿತ್'. ಬೆಲೆಯ ವಿಷಯದಲ್ಲಿ ಮಾಡಿಕೊಂಡರೆ 'ಅಗ್ರಿಮೆಂಟ್ ಆನ್'. ವ್ಯಾಪಾರಿಯ ಷರತ್ತಿಗೆ ಒಪ್ಪಿಗೆ ಕೊಟ್ಟರೆ 'ಅಗ್ರಿಮೆಂಟ್ ಟು'. ವ್ಯಕ್ತಿಗೆ 'ವಿತ್', ವಿಷಯಕ್ಕೆ 'ಆನ್', ಷರತ್ತಿಗೆ 'ಟು'. ಕನ್ನಡದ ಒಡನೆ, ವಿಷಯದಲ್ಲಿ, ಗೆ ಎಂಬ ಮೂರೂ ಈ ಮೂರಕ್ಕೆ ನೇರವಾಗಿ ಹೊಂದುತ್ತವೆ.

೭. ಹೊಂದಾಣಿಕೆ ತಪ್ಪುವ ಸ್ಥಳಗಳು

ವಿಭಕ್ತಿಯು ದಾರಿದೀಪವೆಂದೆನೇ ಹೊರತು ಅದೇ ದಾರಿಯೆಂದು ಹೇಳಲಿಲ್ಲ. ಅದರ ಬೆಳಕು ಮುಟ್ಟದ ಸ್ಥಳಗಳೂ ಉಂಟು. ಮುಖ್ಯವಾದುದು 'ಫಾರ್' ಎಂಬುದರ ಗುಂಪು. 'ಗುರುವಿನಲ್ಲಿ ಗೌರವ' ಎಂಬ ಸಪ್ತಮಿಯನ್ನು ನಂಬಿ 'ರೆಸ್ಪೆಕ್ಟ್ ಇನ್' ಎಂದರೆ ತಪ್ಪಾಗುತ್ತದೆ. ಇಂಗ್ಲಿಷಿನಲ್ಲಿ 'ರೆಸ್ಪೆಕ್ಟ್ ಫಾರ್' ಎನ್ನಬೇಕು. ಮೆಚ್ಚುಗೆಯ 'ಅಡ್ಮಿರೇಷನ್', ತಿರಸ್ಕಾರದ 'ಕಂಟೆಂಪ್ಟ್', ಒಲವಿನ 'ಪ್ರಿಫರೆನ್ಸ್', ಬೇಡಿಕೆಯ 'ಡಿಮಾಂಡ್' ಇವೆಲ್ಲಕ್ಕೂ 'ಫಾರ್' ಒಡನಾಡಿ. ಇವುಗಳನ್ನು ಬಾಯಿಪಾಠ ಮಾಡುವುದೇ ಉಪಾಯ.

'ಕನ್ಸರ್ನ್' ಎಂಬ ಪದಕ್ಕೆ ಎರಡು ಒಡನಾಡಿಗಳಿದ್ದು, ಅವು ಎರಡು ಅರ್ಥಗಳನ್ನು ಕೊಡುತ್ತವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರಿಗೆ ಉಂಟಾದ ಆತಂಕವು 'ಕನ್ಸರ್ನ್ ಅಬೌಟ್ ದ ಡ್ಯಾಮ್'. ನದಿಯ ಕೆಳದಂಡೆಯ ಜನರ ಕ್ಷೇಮವನ್ನು ಬಯಸುವ ಕಳಕಳಿಯು 'ಕನ್ಸರ್ನ್ ಫಾರ್ ದ ಪೀಪಲ್'. ಆತಂಕಕ್ಕೆ 'ಅಬೌಟ್', ಕಳಕಳಿಗೆ 'ಫಾರ್'.

ಮನವಿಪತ್ರಗಳಲ್ಲಿ ಬರುವ 'ಕಂಪ್ಲೇಂಟ್' ಎಂಬ ಪದವೂ ಹೀಗೆಯೇ. ಕನ್ನಡದಲ್ಲಿ ಎಲ್ಲದರ 'ವಿರುದ್ಧ'ವೂ ದೂರು ಕೊಡುತ್ತೇವೆ. ಇಂಗ್ಲಿಷಿನಲ್ಲಿ ವ್ಯಕ್ತಿಯ ಅಥವಾ ಸಂಸ್ಥೆಯ ಮೇಲಿನ ಔಪಚಾರಿಕ ಆರೋಪಕ್ಕೆ 'ಎಗೇನ್‌ಸ್ಟ್', ರಸ್ತೆ, ನೀರು, ದೀಪ ಮುಂತಾದ ವಿಷಯಗಳಿಗೆ 'ಅಬೌಟ್', ದೂರನ್ನು ಸ್ವೀಕರಿಸುವ ಅಧಿಕಾರಿಗೆ 'ಟು' ಬರುತ್ತದೆ. ಕಾಲುವೆಯ ನೀರು ಬಾರದಿದ್ದುದನ್ನು ತಿಳಿಸಹೊರಟ ಮನವಿಯು 'ಎಗೇನ್‌ಸ್ಟ್' ಎಂಬ ಒಂದು ಪದದಿಂದ ಯಾರೋ ನೌಕರನ ಮೇಲಿನ ಆರೋಪವಾಗಿಬಿಡಬಹುದು.

೮. ನಾಮಪದಕ್ಕೆ ಬೇಕು, ಕ್ರಿಯಾಪದಕ್ಕೆ ಬೇಡ

'ಡಿಸ್ಕಸ್ ಅಬೌಟ್' ಎಂಬುದು ನಮ್ಮಲ್ಲಿ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುವ ತಪ್ಪು. 'ಡಿಸ್ಕಷನ್' ಎಂಬ ನಾಮಪದಕ್ಕೆ 'ಅಬೌಟ್' ಬೇಕು; 'ಡಿಸ್ಕಸ್' ಎಂಬ ಕ್ರಿಯಾಪದಕ್ಕೆ ಬೇಡ. ಹಾಗೆಯೇ 'ರೆಸ್ಪೆಕ್ಟ್ ಫಾರ್ ದ ಟೀಚರ್' ಎಂಬಲ್ಲಿ 'ಫಾರ್' ಇದೆ. 'ಟು ರೆಸ್ಪೆಕ್ಟ್ ದ ಟೀಚರ್' ಎಂಬಲ್ಲಿ ಇಲ್ಲ. 'ಡಿಮಾಂಡ್ ಫಾರ್ ವಾಟರ್' ಎಂದರೆ ನೀರಿನ ಬೇಡಿಕೆ. 'ಟು ಡಿಮಾಂಡ್ ವಾಟರ್' ಎಂದರೆ ನೀರನ್ನು ಕೇಳುವುದು.

ಇದರ ಕಾರಣವನ್ನು ಕನ್ನಡದಿಂದಲೇ ತೋರಿಸಬಹುದು. 'ಗುರುವನ್ನು ಗೌರವಿಸು' ಎಂಬಲ್ಲಿ ಕ್ರಿಯಾಪದವು ದ್ವಿತೀಯೆಯನ್ನು ತೆಗೆದುಕೊಂಡಿದೆ. 'ಗುರುವನ್ನು ಗೌರವ' ಎಂದು ಹೇಳಲಾಗದು. ನಾಮಪದಕ್ಕೆ ದ್ವಿತೀಯೆಯನ್ನು ಹಿಡಿದಿಡುವ ಶಕ್ತಿಯಿಲ್ಲ. ಆದ್ದರಿಂದ ಅದು 'ಗುರುವಿನಲ್ಲಿ' ಎಂದು ಬೇರೆ ಪ್ರತ್ಯಯವನ್ನು ಆಶ್ರಯಿಸುತ್ತದೆ. ಇಂಗ್ಲಿಷಿನ ಕ್ರಿಯಾಪದವೂ ಕರ್ಮವನ್ನು ನೇರವಾಗಿ ಹಿಡಿಯುತ್ತದೆ. ನಾಮಪದಕ್ಕೆ ಸೇತುವೆ ಬೇಕಾಗುತ್ತದೆ. ಕನ್ನಡದಲ್ಲಿ 'ಅನ್ನು' ಬಂದಲ್ಲಿ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪ್ರಿಪೊಸಿಷನ್ ಇರದು ಎಂಬುದು ಮಕ್ಕಳಿಗೆ ಹೇಳಿಕೊಡಬಹುದಾದ ಸುಲಭ ಸೂತ್ರ. 'ಬಿಲೀವ್ ಇನ್', 'ಆಬ್ಜೆಕ್ಟ್ ಟು', 'ಅಗ್ರಿ ವಿತ್' ಮುಂತಾದ ಕೆಲವು ಕ್ರಿಯಾಪದಗಳು ಮಾತ್ರ ತಮ್ಮ ಒಡನಾಡಿಯನ್ನು ಬಿಟ್ಟುಕೊಡುವುದಿಲ್ಲ.

ಇದೇ ಪ್ರಸಂಗದಲ್ಲಿ 'ಅಕಾರ್ಡಿಂಗ್ ಟು ಮಿ' ಎಂಬ ಪ್ರಯೋಗವನ್ನೂ ಹೇಳಬೇಕು. ಇದು 'ನನ್ನ ಪ್ರಕಾರ' ಎಂಬುದರ ನೇರ ರೂಪಾಂತರ. ಇಂಗ್ಲಿಷಿನಲ್ಲಿ 'ಅಕಾರ್ಡಿಂಗ್ ಟು' ಎಂಬುದನ್ನು ಇನ್ನೊಬ್ಬರ ಮಾತನ್ನೋ ಗ್ರಂಥದ ಆಧಾರವನ್ನೋ ತಿಳಿಸಲು ಬಳಸುತ್ತಾರೆ. ತಮ್ಮ ಸ್ವಂತ ಅಭಿಪ್ರಾಯಕ್ಕೆ 'ಇನ್ ಮೈ ಒಪಿನಿಯನ್' ಅಥವಾ 'ಇನ್ ಮೈ ವ್ಯೂ' ಎನ್ನುತ್ತಾರೆ. 'ನನ್ನ ಅಭಿಪ್ರಾಯದಲ್ಲಿ' ಎಂಬ ಸಪ್ತಮಿಯನ್ನು ನೆನೆದರೆ 'ಇನ್' ತಾನಾಗಿಯೇ ಬರುತ್ತದೆ.

೯. ಬೋಧನಕ್ರಮ

ಈ ಸೀಮೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡಗಳನ್ನು ಎದುರುಬದುರು ಇಟ್ಟು ನೋಡುವ ಕೆಲಸ ಹೊಸದಲ್ಲ. ಬಳ್ಳಾರಿಯಲ್ಲಿ ನೆಲೆಸಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿಯೂ ಹೊರಬಂದವು. ಮಂಗಳೂರಿನಿಂದ ಕಿಟೆಲ್ ಅವರ ಮಹಾನಿಘಂಟು ೧೮೯೪ರಲ್ಲಿ ಪ್ರಕಟವಾಯಿತು. ಇವು ಪದಕ್ಕೆ ಅರ್ಥ ಹೇಳುವ ಕೋಶಗಳು. ಇಂಗ್ಲಿಷ್ ಪದದ ಒಡನಾಡಿಯನ್ನು ಹೇಳುವ ಕೋಶ ಬಂದುದು ಬಹಳ ತಡವಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಹೋದ್ಯೋಗಿಗಳು ಅನ್ಯಭಾಷಿಕ ವಿದ್ಯಾರ್ಥಿಗಳ ಕಷ್ಟವನ್ನು ಕಂಡು ಸಿದ್ಧಪಡಿಸಿದ ನಿಘಂಟು ೧೯೪೨ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ೧೯೪೮ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯವು ಹೊರತಂ­ದಿತು. ಇಂದು ದೊರೆಯುವ ವಿದ್ಯಾರ್ಥಿ ನಿಘಂಟುಗಳಲ್ಲಿ 'ಒಪಿನಿಯನ್' ಎಂಬ ಪದದ ಬಳಿಯಲ್ಲಿಯೇ ಅದರ ಮುಂದೆ ಬರುವ ಪ್ರಿಪೊಸಿಷನ್ನುಗಳನ್ನೂ ಕಾಣಿಸಿರುತ್ತಾರೆ. ಪ್ರತಿ ತರಗತಿಯಲ್ಲಿಯೂ ಇಂತಹ ನಿಘಂಟಿನ ಒಂದು ಪ್ರತಿ ಇರಬೇಕಾದುದು ಅವಶ್ಯ. ಶಾಲೆಗೆ ನೆರವಾಗಬಯಸುವ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದು ಅಲ್ಪ ವೆಚ್ಚದ, ದೀರ್ಘ ಪ್ರಯೋಜನದ ಕಾರ್ಯ.

ಅಧ್ಯಾಪಕ ಬಂಧುಗಳ ಪರಿಶೀಲನೆಗಾಗಿ ನಾಲ್ಕು ಸೂಚನೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, 'ಒಪಿನಿಯನ್' ಎಂದರೆ ಅಭಿಪ್ರಾಯ ಎಂದಷ್ಟೇ ಬರೆಸದೆ, ಪದವನ್ನು ಅದರ ಒಡನಾಡಿಯೊಂದಿಗೆ ಒಂದು ಪೂರ್ಣ ವಾಕ್ಯದಲ್ಲಿ ಬರೆಸಬೇಕು. ಒಡನಾಡಿಯಿಲ್ಲದ ನಾಮಪದ ಅರ್ಧ ಕಲಿತ ನಾಮಪದ.

ಎರಡನೆಯದಾಗಿ, ಕನ್ನಡ ಪಂಡಿತರೂ ಇಂಗ್ಲಿಷ್ ಉಪಾಧ್ಯಾಯರೂ ವರ್ಷದಲ್ಲಿ ಕೆಲವು ಪಾಠಗಳನ್ನಾದರೂ ಜತೆಗೂಡಿ ಮಾಡಬೇಕು. ವಿಭಕ್ತಿಗಳ ಪಾಠ ನಡೆದ ವಾರದಲ್ಲಿಯೇ ಈ ಪಾಠವನ್ನೂ ಮಾಡಿದರೆ ಎರಡೂ ಮನಸ್ಸಿನಲ್ಲಿ ನಿಲ್ಲುತ್ತವೆ. 'ಬಗ್ಗೆ' ಎಂಬ ಪದವನ್ನು ಬಳಸದೆ ಕನ್ನಡದಲ್ಲಿ ಹತ್ತು ವಾಕ್ಯ ಬರೆಯಲು ಹೇಳುವುದು ಈ ಪಾಠಕ್ಕೆ ಒಳ್ಳೆಯ ಪೂರ್ವಸಿದ್ಧತೆ.

ಮೂರನೆಯದಾಗಿ, ಅಭ್ಯಾಸದ ವಾಕ್ಯಗಳು ಲಂಡನ್ನಿನ ಮಂಜು ಮಳೆಗಳನ್ನು ಕುರಿತಿರದೆ ನಮ್ಮ ಕಾಲುವೆ, ಗಣಿ, ಜಾತ್ರೆ, ಸ್ಮಾರಕಗಳನ್ನು ಕುರಿತಿರಬೇಕು. ಮಕ್ಕಳಿಗೆ ನಿಜವಾದ ಅಭಿಪ್ರಾಯವಿರುವುದು ಇವುಗಳ ವಿಷಯದಲ್ಲಿ.

ನಾಲ್ಕನೆಯದಾಗಿ, ಮಕ್ಕಳು ತಮ್ಮ ನಿಲುವನ್ನು ಬರೆದಾಗ ಮೊದಲು ಆ ನಿಲುವಿಗೆ ಉತ್ತರ ಬರೆದು, ಆಮೇಲೆ ಪ್ರಿಪೊಸಿಷನ್ನನ್ನು ತಿದ್ದಬೇಕು. ಕೆಂಪು ಶಾಯಿ ಮೊದಲು ಕಂಡರೆ ಮುಂದಿನ ಸಲ ತಪ್ಪೂ ಇರುವುದಿಲ್ಲ, ಅಭಿಪ್ರಾಯವೂ ಇರುವುದಿಲ್ಲ.

೧೦. ಉಪಸಂಹಾರ

ಇದುವರೆಗೆ ಹೇಳಿದುದರ ಸಾರವಿಷ್ಟು. ಯೋಗ್ಯತೆಯನ್ನು ತೂಗುವಾಗ 'ಆಫ್'. ವಿಷಯದಲ್ಲಿ ನಿಲುವು ತಳೆಯುವಾಗ 'ಆನ್'. ಸಾಮಾನ್ಯ ಮಾತಿಗೂ ಸಂಶಯಕ್ಕೂ 'ಅಬೌಟ್'. ನಂಬಿಕೆ, ಆಸಕ್ತಿಗಳಿಗೆ 'ಇನ್'. ಎದುರಾಗಿ ಹೊರಡುವ ಅಭಿಪ್ರಾಯಕ್ಕೆ 'ಟು'. ಗೌರವ, ಮೆಚ್ಚುಗೆಗಳಿಗೆ 'ಫಾರ್'. ಇವುಗಳಲ್ಲಿ ಬಹುಭಾಗವನ್ನು ನಮ್ಮ ವಿಭಕ್ತಿಗಳೇ ತೋರಿಸಿಕೊಡುತ್ತವೆ. ಉಳಿದುದನ್ನು ಅಭ್ಯಾಸದಿಂದ ಸಾಧಿಸಬೇಕು.

ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ಇಂತಹ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರ ಮನೆಗಳಲ್ಲಿ ಇಂಗ್ಲಿಷಿನ ಸುಳಿವೂ ಇರುವುದಿಲ್ಲ. ಅವರಿಗೆ ಇರುವ ಆಸ್ತಿಯೆಂದರೆ ಚೆನ್ನಾಗಿ ಬರುವ ಒಂದು ಕನ್ನಡ. ಆ ಆಸ್ತಿಯನ್ನು ಮರೆತು ಬಾ ಎಂದು ಹೇಳುವುದಕ್ಕಿಂತ ಅದನ್ನೇ ಬಂಡವಾಳವಾಗಿ ಹೂಡು ಎಂದು ಹೇಳುವುದು ನ್ಯಾಯವೂ ಹೌದು, ಲಾಭವೂ ಹೌದು. 'ತನ್ನಲ್ಲಿ ವಿಶ್ವಾಸ' ಎಂಬುದನ್ನು ಕನ್ನಡದಲ್ಲಿ ಸರಿಯಾಗಿ ಹೇಳಬಲ್ಲ ಮಗುವಿಗೆ 'ಕಾನ್ಫಿಡೆನ್ಸ್ ಇನ್ ಒನ್‌ಸೆಲ್ಫ್' ಎಂಬುದು ದೂರದ ಮಾತಲ್ಲ.